ಗಾಲಿಯ ನಟ್ಟು ನೋಡಿದಿರಾ?

(ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ಸಭೆಯಲ್ಲೂ ಉಳಿತಾಯ, ಸಾಲ, ಬಡ್ಡಿ ಅಂತ ಮಾತಾಡುತ್ತೇವೆ. ಇವತ್ತು ಲಾರಿ, ಬಸ್ಸಿನ ಗಾಲಿ ಬಗ್ಗೆ ಅಂದ ಕೂಡಲೇ ಕೆಲವರು ನಕ್ಕಿರಿ. "ಅದು ಗಂಡಸರ ಕೆಲಸ ಸಿಸ್ಟರ್" ಅಂದಿರಿ. ಆದರೆ ಅರಸೀಕೆರೆಯಿಂದ ಕಾಯಿ, ಕೊಬ್ಬರಿ ಹೊತ್ತು ಹೋಗುವ ಲಾರಿಗಳಲ್ಲಿ ಡ್ರೈವರ್, ಕ್ಲೀನರ್ ಯಾರು? ನಿಮ್ಮ ಗಂಡಂದಿರು, ಮಕ್ಕಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲಂತೂ ಬಸ್ಸಿನಲ್ಲೆಲ್ಲ ನಾವೇ.

ನಿಮ್ಮ ತಾತಂದಿರು ಎತ್ತಿನ ಗಾಡಿ ಹೊರಡಿಸುವ ಮುಂಚೆ ಕಡಾಣಿ ಮುಟ್ಟಿ ನೋಡುತ್ತಿದ್ದರು. ಈಗ ಕಡಾಣಿ ಬದಲು ಒಂದೊಂದು ಗಾಲಿಗೆ ಎಂಟೋ ಹತ್ತೋ ಬೋಲ್ಟು, ನಟ್ಟು. ಟೈರು ಸೇರಿ ಲಾರಿ ಗಾಲಿ ಹತ್ತಿರ ಹತ್ತಿರ ಒಂದು ಕ್ವಿಂಟಾಲ್ ತೂಗುತ್ತದೆ. ಓಡುವಾಗ ಅದು ಕಳಚಿದರೆ ತಡೆಯಲು ಬ್ರೇಕಿಲ್ಲ. ರಸ್ತೆ ಬದಿ ನಿಂತವರ ಗತಿ ಏನು?

ಬಿಗಿಯುವಾಗ ಏನಾಗುತ್ತೆ ಅಂದರೆ, ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಜಡೆಗೆ ಹಾಕುವ ರಬ್ಬರ್ ಬ್ಯಾಂಡಿನ ಹಾಗೆ ಅದು ಹಿಂದಕ್ಕೆ ಎಳೆಯುತ್ತದಲ್ಲ, ಆ ಎಳೆತವೇ ಗಾಲಿಯನ್ನು ಹಿಡಿಯುವುದು. ಕಡಿಮೆ ಬಿಗಿದರೆ ಹಿಡಿತವಿಲ್ಲ. ಅತಿಯಾಗಿ ಎಳೆದರೆ ಬ್ಯಾಂಡು ಜೋತು ಬಿದ್ದ ಹಾಗೆ ಬೋಲ್ಟೂ ಕೆಡುತ್ತದೆ. ನಮ್ಮ ಹುಡುಗರು ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ಮೇಲೆ ಹತ್ತಿ ಕುಣಿಯುತ್ತಾರೆ, ನೋಡಿದ್ದೀರಿ. ದೊಡ್ಡ ಲಾರಿಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಒಂದು ಮೀಟರ್ ಪಾನಾದ ತುದಿಗೆ 60-70 ಕೆ.ಜಿ. ಭಾರ ಹಾಕಿದಷ್ಟು ಬಲ. ಸರಿಯಾದ ಲೆಕ್ಕ ಕಂಪನಿಯ ಪುಸ್ತಕದಲ್ಲಿರುತ್ತದೆ, ಅದನ್ನು ಅಳೆಯಲು ಟಾರ್ಕ್ ರೆಂಚ್ ಇದೆ. ಕುಣಿದರೆ ಲೆಕ್ಕ ಸಿಗೋದಿಲ್ಲ.

ಇನ್ನೊಂದು ಮಾತು. ಡ್ರಮ್ಮು, ಡಿಸ್ಕಿನ ನಡುವೆ ಮಣ್ಣು, ತುಕ್ಕು, ದಪ್ಪ ಬಣ್ಣ ಇದ್ದರೆ ಓಡ್ತಾ ಓಡ್ತಾ ಅದು ಸವೆದು, ಬಿಗಿ ಇದ್ದ ನಟ್ಟೂ ಸಡಿಲವಾಗುತ್ತದೆ. ಅದಕ್ಕೇ ಒರೆಸಿ, ಎದುರು ಬದುರು ನಟ್ಟುಗಳನ್ನು ಬಿಗಿದು, 50ರಿಂದ 100 ಕಿ.ಮೀ. ಒಳಗೆ ಮತ್ತೊಮ್ಮೆ ಬಿಗಿಯಬೇಕು. ರಾತ್ರಿ ಅರಸೀಕೆರೆಯಲ್ಲಿ ಸ್ಟೆಪ್ನಿ ಹಾಕಿ ಹೊರಟವನು ತುಮಕೂರು ಮುಟ್ಟುವುದರೊಳಗೆ ಒಮ್ಮೆ ಇಳಿಯಲೇಬೇಕು. ಇಳಿಯೋದಿಲ್ಲ, ನಿದ್ದೆ, ಬಾಡಿಗೆಯ ಅವಸರ. ಎಫ್.ಸಿ. ಆಗಿದೆ ಅಂತಾರೆ. ಎಫ್.ಸಿ. ಹೊಸ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ್ದಕ್ಕೆ ವರ್ಷಕ್ಕೊಮ್ಮೆ. ನಟ್ಟು ಸಡಿಲವಾಗಲು ಒಂದು ದಿನ ಸಾಕು.

ನಾವೊಮ್ಮೆ ಹಳೇಬೀಡಿನಿಂದ ಜಾವಗಲ್ ಕಡೆಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಎಡಗಡೆ ಹಿಂದಿನಿಂದ ಟಕ್ ಟಕ್ ಅಂತ ಸದ್ದು. ನಮಗೆ ಏನೂ ಅನ್ನಿಸಲಿಲ್ಲ, ರಸ್ತೆಯೇ ಹಾಗಿತ್ತು. ಪಕ್ಕದಲ್ಲಿ ಕೂತಿದ್ದ ನಮ್ಮ ಸಂಘದ ಸದಸ್ಯೆ, ಅವಳ ಗಂಡ ಲಾರಿ ಕ್ಲೀನರ್, "ಸಿಸ್ಟರ್, ಇದು ಗಾಲಿ ಸದ್ದು" ಅಂದಳು. ಕಂಡಕ್ಟರಿಗೆ ಹೇಳು ಅಂದರೆ ನಾಚಿಕೆ, ಬೈತಾರೆ ಅನ್ನೋ ಭಯ. ಕೊನೆಗೆ ಎದ್ದು ಹೇಳಿದಳು. ಇಳಿದು ನೋಡಿದರೆ ಎರಡು ಬೋಲ್ಟು ಮುರಿದಿದ್ದವು, ಉಳಿದ ನಟ್ಟು ಕೈಯಲ್ಲೇ ತಿರುಗುತ್ತಿದ್ದವು. ಡ್ರೈವರ್ ಅಣ್ಣ ಬೈಯಲಿಲ್ಲ, ಮುಖ ಒರೆಸಿಕೊಂಡು ರಸ್ತೆ ಬದಿ ಕೂತುಬಿಟ್ಟರು. ನಮ್ಮ ಹಾಗೇ ಎಡಗಡೆ ಗಾಡಿ ಓಡಿಸುವ ಬ್ರಿಟನ್ನಿನಲ್ಲೂ ಕಳಚುವ ಗಾಲಿಗಳಲ್ಲಿ ಎಡಗಡೆ ಹಿಂದಿನವೇ ಹೆಚ್ಚು ಅಂತ ಆಮೇಲೆ ಓದಿದೆವು.

ಇನ್ನು ಮನೆ ಮುಂದೆ ಲಾರಿ ನಿಂತಾಗ ನೋಡಿ. ನಟ್ಟಿನಿಂದ ಕೆಂಪು ತುಕ್ಕಿನ ಗೆರೆ ಹೊರಟಿದ್ದರೆ, ನಟ್ಟಿನ ಸುತ್ತ ಕಬ್ಬಿಣ ಹೊಸದಾಗಿ ಹೊಳೆಯುತ್ತಿದ್ದರೆ ಅದು ಅಲುಗಾಡುತ್ತಿದೆ ಅಂತ ಅರ್ಥ. ಕೆಲವು ಗಾಡಿಗಳಲ್ಲಿ ನಟ್ಟಿಗೆ ಹಳದಿ ಪ್ಲಾಸ್ಟಿಕ್ ಬಾಣ ಹಾಕಿರುತ್ತಾರೆ, ತಿರುಗಿದರೆ ಗೊತ್ತಾಗಲಿ ಅಂತ. ಅದಿಲ್ಲದಿದ್ದರೆ ನಟ್ಟಿನಿಂದ ಡಿಸ್ಕಿನವರೆಗೆ ಬಣ್ಣದ ಗೆರೆ ಎಳೆಯಿರಿ, ಮಗಳ ನೈಲ್ ಪಾಲಿಶ್ ಆದರೂ ಆದೀತು! ಗೆರೆ ಸರಿಯಿದ್ದರೂ ಬಿಗಿ ನೋಡುವುದು ತಪ್ಪಬಾರದು. ಗಾಡಿಗೆ ಅಂತ ಸಂಘದಲ್ಲಿ ಸಾಲ ಕೇಳುವವರು ಟಾರ್ಕ್ ರೆಂಚಿನ ಖರ್ಚನ್ನೂ ಅರ್ಜಿಯಲ್ಲಿ ಬರೆಯಿರಿ. ಹತ್ತು ಮನೆಗೆ ಒಂದಿದ್ದರೂ ನಡೆಯುತ್ತದೆ.

ಹೊರಗೆ ನಿಮ್ಮನ್ನು ಕರೆತಂದ ವ್ಯಾನು ನಿಂತಿದೆ. ಡ್ರೈವರ್ ಅಣ್ಣನಿಗೆ ಹೇಳಿದ್ದೇವೆ. ಚಹಾ ಕುಡಿದು ಎಲ್ಲರೂ ಅಲ್ಲಿಗೆ ಬನ್ನಿ, ಒಂದೊಂದು ನಟ್ಟನ್ನೂ ಮುಟ್ಟಿ ನೋಡೋಣ.