ಕರೆಯಲಿಲ್ಲ ಎಂಬ ಮುನಿಸು

ಅಮದಳ್ಳಿಯಂಥ ಊರಲ್ಲಿ ಮದುವೆಗೆ ಫೋನಿನಲ್ಲಿ ಕರೆದರೆ ಸಾಲದು, ಮನೆಗೇ ಬಂದು ಹೇಳಬೇಕು. ಕೊಂಕಣಿ ಕ್ರೈಸ್ತರ ಮನೆಯ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಲು ಯಾರನ್ನು ಮೊದಲು ಕರೆದರು, ಯಾರನ್ನು ಮರೆತರು ಎಂಬಷ್ಟಕ್ಕೇ ಅಕ್ಕತಂಗಿಯರು ವರ್ಷಗಟ್ಟಲೆ ಮಾತು ಬಿಡುವುದುಂಟು. ಭಾನುವಾರ ಒಂದೇ ಇಗರ್ಜಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಅಂಗಳಕ್ಕೆ ಬಂದೊಡನೆ ಮುಖ ತಿರುಗಿಸುತ್ತಾರೆ.

ಬೈಬಲ್ಲಿನ ಪ್ರಸಂಗಿ ಗ್ರಂಥದ 7ನೇ ಅಧ್ಯಾಯದಲ್ಲಿ ಇದಕ್ಕೊಂದು ನೇರ ಬುದ್ಧಿಮಾತಿದೆ. ಜನರಾಡುವ ಎಲ್ಲ ಮಾತಿಗೂ ಕಿವಿಗೊಡಬೇಡ, ನೀನೂ ಎಷ್ಟೋ ಸಲ ಇತರರನ್ನು ಹಳಿದವನೇ ಎಂಬುದು ಅದರ ತಾತ್ಪರ್ಯ. ಸಿಟ್ಟು ನೆತ್ತಿಗೇರಿದಾಗ ಇದನ್ನು ನೆನೆದರೆ ಅರ್ಧ ಮುನಿಸು ಅಲ್ಲೇ ಇಳಿಯುತ್ತದೆ.

ಉಳಿದರ್ಧ? ನಿಜವಾಗಿ ಅವಮಾನವಾಗಿದ್ದರೆ ನುಂಗಿಕೊಂಡು ಕೂರಿ ಎಂದು ಯೇಸು ಹೇಳಲಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಅವರು ತೋರಿಸುವ ದಾರಿ, ತಪ್ಪು ಮಾಡಿದವನ ಬಳಿಗೆ ಹೋಗಿ ಇಬ್ಬರೇ ಇರುವಾಗ ಮಾತಾಡುವುದು. ನನಗೆ ಬಹಳ ಹಿಡಿಸಿದ್ದು ಈ 'ಇಬ್ಬರೇ'. ಮೀನು ಪೇಟೆಯಲ್ಲಿ ನಾಲ್ಕು ಜನರ ಕಿವಿಗೆ ಹಾಕುವ ಮೊದಲು ಕರೆಯದವರ ಜಗಲಿಯಲ್ಲೇ ಕೂತು, "ಅಕ್ಕಾ, ನೀನು ಕರೆಯದ್ದಕ್ಕೆ ನನಗೆ ಬೇಜಾರಾಯ್ತು" ಎನ್ನಿ. ಬಹಳ ಸಲ ಆ ಅಕ್ಕನಿಗೆ ಅದರ ಅರಿವೇ ಇರುವುದಿಲ್ಲ.