ಲಂಡನ್ನಿನಿಂದ ಬಂದ ಮನಿಯಾರ್ಡರ್



ದಕ್ಷಿಣ ಆಫ್ರಿಕ ಎಂದರೆ ನಮ್ಮ ನೆನಪು ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲೇ ನಿಂತುಬಿಡುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದವರು ಮಂಡೇಲಾ ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ 1988ರಲ್ಲಿ ವೆಂಬ್ಲಿ ಮೈದಾನದಲ್ಲಿ ನಡೆದ ಸಂಗೀತೋತ್ಸವವನ್ನು ನೆನೆಯುತ್ತಾರೆ. ವರ್ಣಭೇದ ನೀತಿಯ ವಿರುದ್ಧ ಹೊರದೇಶಗಳಲ್ಲಿ ನಡೆದ ಹೋರಾಟವನ್ನು ನಾವು ಮೈದಾನ, ಮೆರವಣಿಗೆಗಳಲ್ಲೇ ಹುಡುಕುತ್ತೇವೆ. ಅದು ಅಂಚೆ ಕಚೇರಿಯ ಸರದಿಯಲ್ಲೂ ನಡೆಯಿತು. ನನ್ನ ಮಟ್ಟಿಗೆ ಹೆಚ್ಚಿನ ತೂಕ ಅದಕ್ಕೇ.

1956ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಸರ್ಕಾರ 156 ಮಂದಿಯನ್ನು ದೇಶದ್ರೋಹದ ಆರೋಪದ ಮೇಲೆ ಬಂಧಿಸಿತು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಪಾದ್ರಿ ಜಾನ್ ಕಾಲಿನ್ಸ್ ವಕೀಲರ ಫೀಸಿಗೂ ಆರೋಪಿಗಳ ಮನೆಖರ್ಚಿಗೂ ಹಣ ಕೂಡಿಸತೊಡಗಿದರು. 1961ರ ಮಾರ್ಚ್‌ನಲ್ಲಿ ಉಳಿದಿದ್ದ ಆರೋಪಿಗಳೂ ಖುಲಾಸೆಯಾದರು. ಕಾಲಿನ್ಸ್ ಕಟ್ಟಿದ ಇಂಟರ್‌ನ್ಯಾಷನಲ್ ಡಿಫೆನ್ಸ್ ಅಂಡ್ ಏಡ್ ಫಂಡನ್ನು 1966ರಲ್ಲಿ ಪ್ರಿಟೋರಿಯಾ ಸರ್ಕಾರ ನಿಷೇಧಿಸಿತು. ಅಲ್ಲಿಂದಾಚೆಗೆ ಅದರ ಹಣ ಮುಟ್ಟುವುದೇ ಅಪರಾಧ.

ಹಣ ಮಾತ್ರ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕದ ವಕೀಲರಿಗೆ ಲಂಡನ್ನಿನ ಸಾಲಿಸಿಟರ್ ಒಬ್ಬರಿಂದ ಕಾಗದ ಬರುತ್ತಿತ್ತು: ತಮ್ಮ ಕಕ್ಷಿದಾರರೊಬ್ಬರು ಈ ಮೊಕದ್ದಮೆಯ ಖರ್ಚು ವಹಿಸಿಕೊಳ್ಳಲು ಸಿದ್ಧರಿದ್ದಾರೆ ಎಂದು. ಆ ಕಕ್ಷಿದಾರರು ಯಾರೆಂದು ಕೇಳದಿರುವುದೇ ಜಾಣತನ. ಕೈದಿಗಳ ಮನೆಯವರಿಗೆ ಬೇರೆ ದಾರಿ. ಬ್ರಿಟನ್ ಮತ್ತಿತರ ದೇಶಗಳ ಸಾಧಾರಣ ಗೃಹಸ್ಥರು, ಯಾರೋ ಹಿತೈಷಿಗಳೆಂಬಂತೆ, ಜೈಲಿನಲ್ಲಿದ್ದವರ ಹೆಂಡತಿಗೋ ತಾಯಿಗೋ ಕ್ಷೇಮಸಮಾಚಾರ ಬರೆದು ಹಣ ಕಳಿಸುತ್ತಿದ್ದರು. ಹಣ ನಿಧಿಯದು, ಕೈಬರಹ ಅವರದು. ಬಂದ ಉತ್ತರಗಳಲ್ಲಿದ್ದ ಸಂಸಾರದ ಕಷ್ಟಸುಖ ಮತ್ತೆ ಲಂಡನ್ ಕಚೇರಿಯ ಕಡತ ಸೇರುತ್ತಿತ್ತು. ಜಿನೀವಾದ ಇನ್ನೊಂದು ನೆರವು ಸಂಸ್ಥೆಯೊಳಗೆ ನುಸುಳಿ ದೊಡ್ಡ ಹುದ್ದೆಗೇರಿದ್ದ ಪ್ರಿಟೋರಿಯಾದ ಗೂಢಚಾರ ಕ್ರೇಗ್ ವಿಲಿಯಮ್ಸನ್‌ಗೂ ಈ ಜಾಲ ದಕ್ಕಲಿಲ್ಲ. ಕಾಲು ಶತಮಾನ ಗುಟ್ಟು ಕಾಯುವುದು ಘೋಷಣೆ ಕೂಗಿದಷ್ಟು ಸುಲಭವಲ್ಲ. ಅದಕ್ಕೆ ಚಪ್ಪಾಳೆಯೂ ಸಿಗುವುದಿಲ್ಲ.

ಭಾರತದ ಪಾತ್ರ ಗೊತ್ತಿರುವುದೇ: 1946ರಲ್ಲಿ, ಸ್ವಾತಂತ್ರ್ಯಕ್ಕೂ ಮುನ್ನ, ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ನಿಷೇಧ, 1974ರಲ್ಲಿ ಆ ದೇಶದೆದುರು ಡೇವಿಸ್ ಕಪ್ ಟೆನಿಸ್ ಫೈನಲ್ ಆಡದೆ ಬಿಟ್ಟುಕೊಟ್ಟದ್ದು. ನಾವು ಅಷ್ಟಾಗಿ ನೆನೆಯದವರು ಆಂಧ್ರದ ಎನುಗ ಶ್ರೀನಿವಾಸುಲು ರೆಡ್ಡಿ. ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ವಿಶೇಷ ಸಮಿತಿಯ ಕಾರ್ಯದರ್ಶಿಯಾಗಿದ್ದ ಅವರು ಠರಾವುಗಳನ್ನು ಕಾಗದದ ಮೇಲೆ ಮಲಗಲು ಬಿಡಲಿಲ್ಲ. 1965ರಲ್ಲಿ ವಿಶ್ವಸಂಸ್ಥೆ ಸ್ಥಾಪಿಸಿದ ಟ್ರಸ್ಟ್ ನಿಧಿಯಿಂದ ಕೈದಿಗಳ ಕುಟುಂಬಗಳಿಗೂ ನೆರವು ಸಂದಿತು.

ಲಂಡನ್ ಜಾಲದ ಗುಟ್ಟಿಗೆ ಬೆಲೆಯೂ ಇತ್ತು. ಪಡೆದ ಎಷ್ಟೋ ಮಂದಿಗೆ ಕೊಟ್ಟವರಾರೆಂದು ತಿಳಿಯಲಿಲ್ಲ. ಯಾರಿಗೆ, ಎಷ್ಟು ಎಂಬ ತೀರ್ಮಾನ ಸಾವಿರಾರು ಮೈಲಿ ದೂರದಲ್ಲಾಗುತ್ತಿತ್ತು. ಈ ಅಸಮತೆಯನ್ನು ಸದ್ಭಾವನೆಯ ಹೆಸರಿನಲ್ಲಿ ಮರೆಮಾಚಬೇಕಿಲ್ಲ.

ಕಾಲಿನ್ಸ್ ಕಟ್ಟಿದ ನಿಧಿ 1991ರಲ್ಲಿ ಬಾಗಿಲು ಹಾಕಿತು. ಅದರ ಸಂಗ್ರಹ ಈಗ ಕೇಪ್‌ಟೌನಿನ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ಮಾಯಿಬುಯೆ ಪತ್ರಾಗಾರದಲ್ಲಿದೆ. ಈ ಸಭೆಯಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ರಾಜಕೀಯ ಕೈದಿಯ ಬಗ್ಗೆ ಬರೆಯುವಾಗ ಅವರ ವಕೀಲರಿಗೆ ಫೀಸು ಕೊಟ್ಟವರಾರು, ಅವರ ಮನೆಯ ಬಾಡಿಗೆ ಕಟ್ಟಿದವರಾರು ಎಂಬುದನ್ನೂ ಹುಡುಕಿ ಬರೆಯಿರಿ.