ಜನರೇಟರಿನ ಬ್ಯಾಟರಿ, ಆಕಾಶಗಂಗೆಯ ಬ್ಯಾಟರಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಕೆಲಸದ ಬಗ್ಗೆ ಹೇಳಿ ಎಂದರು. ಅದನ್ನು ಊಟದ ಹೊತ್ತಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ. ಈಗ ಹಳೆಯ ಬಾಕಿಯೊಂದನ್ನು ತೀರಿಸಬೇಕು. ಬಾಕಿ ಕೊಡಬೇಕಾದವರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ನಮ್ಮ ವಿಜ್ಞಾನದ ಮೇಷ್ಟ್ರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವದ ಸಂಜೆ ಕರೆಂಟು ಹೋಯಿತು. ಬಾಡಿಗೆ ಜನರೇಟರ್ ತಂದಿದ್ದರು. ಇಂಜಿನ್ ಗಡಗಡ ಓಡಿತು, ಹೊಗೆ ಬಂತು, ಬಲ್ಬು ಮಾತ್ರ ಹತ್ತಲಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡ ನಾವು ಏಳು ಜನ ನಾಟಕದವರು ಕತ್ತಲಲ್ಲಿ ನಿಂತಿದ್ದೆವು. ಆಗ ಮೋಟಾರು ರಿಪೇರಿ ಮಾಡುವವರೊಬ್ಬರು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರಿಸಿ, ಎರಡು ವೈರುಗಳನ್ನು ಜನರೇಟರಿನ ಒಳಗೆ ಒಂದು ಕ್ಷಣ ಮುಟ್ಟಿಸಿ ತೆಗೆದರು. ಅಷ್ಟೇ, ಮೈದಾನವೆಲ್ಲ ಬೆಳಕು. (ಮಕ್ಕಳೇ, ಇದನ್ನು ನೀವು ಮಾಡಲು ಹೋಗಬೇಡಿ.)

ಮಾರನೆಯ ದಿನ ಮೇಷ್ಟ್ರು ವಿವರಿಸಿದರು. ಕರೆಂಟು ಹುಟ್ಟಲು ಅಯಸ್ಕಾಂತ ಬೇಕು. ಅಂಥ ಯಂತ್ರಗಳಲ್ಲಿ ಆ ಅಯಸ್ಕಾಂತ ಆಗುವುದೂ ಯಂತ್ರದ ಕರೆಂಟಿನಿಂದಲೇ. ಶುರುವಾಗಲು ಕಬ್ಬಿಣದಲ್ಲಿ ಹಿಂದಿನ ಚೂರು ಕಾಂತತ್ವ ಉಳಿದಿರಬೇಕು. ಬಹಳ ದಿನ ಸುಮ್ಮನೆ ಬಿಟ್ಟರೆ ಅದೂ ಹೋಗಿಬಿಡಬಹುದು, ಆಗ ಬ್ಯಾಟರಿ ತೋರಿಸಿ ಎಬ್ಬಿಸಬೇಕು.

ನಾನು ಕೇಳಿದೆ: "ಸಾರ್, ಭೂಮಿಯೂ ಅಯಸ್ಕಾಂತ ಅಂದ್ರಲ್ಲ, ಅದನ್ನ ಎಬ್ಬಿಸಿದ್ದು ಯಾರು?"

"ಭೂಮಿ ಒಳಗೆ ಕರಗಿದ ಕಬ್ಬಿಣ ಹರಿದಾಡ್ತದೆ. ಅದೂ ಡೈನಮೋನೇ."

"ಅದಕ್ಕೆ ಮೊದಲಿನ ಚೂರು?"

"ಸೂರ್ಯ, ಭೂಮಿ ಎಲ್ಲಾ ಹುಟ್ಟಿದ ಅನಿಲದಲ್ಲೇ ಇದ್ದಿರಬೇಕು."

"ಆ ಅನಿಲಕ್ಕೆ ಎಲ್ಲಿಂದ ಬಂತು ಸಾರ್?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಗೊತ್ತಿಲ್ಲ ಕಣೋ. ಓದಿಕೊಂಡು ಬಂದು ನೀನೇ ನನಗೆ ಹೇಳು."

ಬಿಎಸ್ಸಿ, ಎಂಎಸ್ಸಿ ಮಾಡಿ ಅದನ್ನೇ ಓದಬೇಕೆಂದಿದ್ದೆ. ಅಷ್ಟರಲ್ಲಿ ಸತತ ಬರ ಬಂತು. ನಮ್ಮ ಬೋರು ಬತ್ತಿ ತೆಂಗಿನ ಮರಗಳು ಸುಳಿ ಒಣಗಿ ನಿಂತಾಗ, ಬೇಗ ಸಂಬಳ ಬರುವ ಓದು ಯಾವುದು ಎಂದು ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಬಿಇ ಮಾಡಿದೆ. ಇವತ್ತಿಗೂ ನಾನು ಖಗೋಳ ವಿಜ್ಞಾನಿಯಲ್ಲ. ರಾತ್ರಿ ಹೊತ್ತು ಓದಿಕೊಂಡವನು.

ಓದಿದ್ದು ಇಷ್ಟು. ನಮ್ಮ ಆಕಾಶಗಂಗೆಯ ನಕ್ಷತ್ರಗಳ ನಡುವಿನ ಅನಿಲದಲ್ಲೆಲ್ಲ ಕಾಂತಕ್ಷೇತ್ರವಿದೆ. ಭೂಮಿಯದು ಸುಮಾರು ಅರ್ಧ ಗಾಸ್ ಆದರೆ, ಅದು ಒಂದು ಗಾಸ್‌ನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ದಿಕ್ಸೂಚಿಯ ಮುಳ್ಳು ಅಲ್ಲಾಡುವಷ್ಟಿಲ್ಲ. ಗೊತ್ತಾದದ್ದಾದರೂ ಹೇಗೆ? 1949ರಲ್ಲಿ ಹಿಲ್ಟ್ನರ್ ಮತ್ತು ಹಾಲ್ ಎಂಬುವರು ದೂರದ ನಕ್ಷತ್ರಗಳ ಬೆಳಕು ಒಂದು ದಿಕ್ಕಿಗೆ ವಾಲಿ ಕಂಪಿಸುವುದನ್ನು ಕಂಡರು. ದಾರಿಯಲ್ಲಿನ ಧೂಳಿನ ಕಣಗಳನ್ನು ಯಾವುದೋ ಕಾಂತಕ್ಷೇತ್ರ ಸಾಲಾಗಿ ನಿಲ್ಲಿಸಿತ್ತು. ನಾವು ಒಡೆದ ರೇಡಿಯೊದ ಸ್ಪೀಕರ್ ಅಯಸ್ಕಾಂತಕ್ಕೆ ದಾರ ಕಟ್ಟಿ ಮಣ್ಣಲ್ಲಿ ಎಳೆದಾಗ ಕಪ್ಪು ಪುಡಿ ಮುಳ್ಳುಮುಳ್ಳಾಗಿ ಏಳುತ್ತಿತ್ತಲ್ಲ, ಹೆಚ್ಚುಕಡಿಮೆ ಹಾಗೆ. 1953ರಲ್ಲಿ ನಮ್ಮ ಸಿ.ವಿ. ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್, ಫರ್ಮಿಯವರ ಜೊತೆ ಸೇರಿ, ಅದರ ಬಲ ಎಷ್ಟಿರಬಹುದೆಂದು ಲೆಕ್ಕ ಹಾಕಿದರು. ಮುಂದೆ ರೇಡಿಯೊ ದೂರದರ್ಶಕಗಳು ಬಂದವು. ಅಂಥದೊಂದು ನಮ್ಮ ಗೌರಿಬಿದನೂರಿನ ಬಯಲಲ್ಲೂ ಇದೆ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳು ರೇಡಿಯೊ ಅಲೆ ಬೀರುತ್ತವೆ. ಆ ಅಲೆಗಳನ್ನೇ ಇವು ಹಿಡಿಯುವುದು.

ಇನ್ನು ಮೊದಲ ಚೂರು. 1950ರಲ್ಲಿ ಜರ್ಮನಿಯ ಬೀರ್ಮನ್ ಒಂದು ದಾರಿ ಹೇಳಿದರು. ಬಿಸಿ ಅನಿಲದಲ್ಲಿ ಹಗುರವಾದ ಎಲೆಕ್ಟ್ರಾನು, ಭಾರವಾದ ಪ್ರೋಟಾನು ಎರಡೂ ಇರುತ್ತವೆ. ಬಿಸಿ ಏರುವ ದಿಕ್ಕು ಒಂದು, ಸಾಂದ್ರತೆ ಏರುವ ದಿಕ್ಕು ಇನ್ನೊಂದು ಆದಾಗ ಒತ್ತಡ ಎಲೆಕ್ಟ್ರಾನುಗಳನ್ನು ಬೇರೆಯಾಗಿ ತಳ್ಳಿ ಸುತ್ತು ಕರೆಂಟು ಹುಟ್ಟಿಸುತ್ತದೆ. ಕರೆಂಟು ಬಂದರೆ ಕಾಂತತ್ವ ಬಂತು. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಬೀರ್ಮನ್ ಬ್ಯಾಟರಿ'. ಓದಿದಾಗ ನನಗೆ ಆ ಟ್ರ್ಯಾಕ್ಟರಿನ ಬ್ಯಾಟರಿಯೇ ಕಣ್ಣಿಗೆ ಬಂತು.

ಆದರೆ ಆ ಬ್ಯಾಟರಿ ಕೊಡುವುದು ತೀರ ಅತ್ಯಲ್ಪ. ಅದನ್ನು ಈಗಿನ ಮಟ್ಟಕ್ಕೆ ತರಲು ಸುಮಾರು ನೂರು ಲಕ್ಷ ಕೋಟಿ ಪಟ್ಟು ಹೆಚ್ಚಿಸಬೇಕು. ಈ ರಬ್ಬರ್ ಬ್ಯಾಂಡ್ ನೋಡಿ. ಎಳೆದೆ, ತಿರುಚಿ ಎಂಟರ ಆಕಾರ ಮಾಡಿದೆ, ಮಡಚಿದೆ. ಒಂದು ಎಳೆ ಇದ್ದ ಕಡೆ ಎರಡಾಯಿತು. ಅನಿಲದ ಜೊತೆ ಕಾಂತರೇಖೆಗಳೂ ಹೀಗೆಯೇ ಎಳೆಯಲ್ಪಡುತ್ತವೆ. ಗ್ಯಾಲಕ್ಸಿಯ ಒಳಭಾಗ ಬೇಗ ಸುತ್ತು ಮುಗಿಸುತ್ತದೆ, ಹೊರಭಾಗ ಹಿಂದೆ ಬೀಳುತ್ತದೆ, ರೇಖೆ ಉದ್ದವಾಗುತ್ತದೆ. ಸಿಡಿದ ನಕ್ಷತ್ರಗಳು ಅನಿಲವನ್ನು ಮೇಲಕ್ಕೆ ಎಸೆಯುತ್ತವೆ, ಗ್ಯಾಲಕ್ಸಿಯ ತಿರುಗುವಿಕೆ ಅದನ್ನು ತಿರುಚುತ್ತದೆ. ಇದು ಡೈನಮೋ. ಪ್ರತಿ ಸಲ ಇಮ್ಮಡಿಯಾದರೆ 47 ಸಲ ಸಾಕು. ಕ್ಯಾಲ್ಕುಲೇಟರ್ ಒತ್ತಿ ನೋಡಿ.

ತೊಡಕು ಇಲ್ಲಿದೆ. ಸೂರ್ಯ ಆಕಾಶಗಂಗೆಯನ್ನು ಒಂದು ಸುತ್ತು ಹಾಕಲು ಸುಮಾರು 23 ಕೋಟಿ ವರ್ಷ ಬೇಕು. ಸುತ್ತಿಗೊಮ್ಮೆ ಇಮ್ಮಡಿ ಎಂದು ಹಿಡಿದರೆ 47ಕ್ಕೆ ಸಾವಿರ ಕೋಟಿ ವರ್ಷ ಮೀರುತ್ತದೆ. ವಿಶ್ವದ ವಯಸ್ಸೇ 1380 ಕೋಟಿ. ಆದರೆ 2023ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕ, 1100 ಕೋಟಿ ವರ್ಷಕ್ಕೂ ಹಿಂದೆ ಬೆಳಕು ಹೊರಟ ಗ್ಯಾಲಕ್ಸಿಯಲ್ಲೇ ನೆಟ್ಟಗೆ ಸಾಲಾದ ಕಾಂತಕ್ಷೇತ್ರ ಕಂಡಿತು. ಲೆಕ್ಕ ಕೂಡಲಿಲ್ಲ. ಅದಕ್ಕೆ ಇನ್ನೊಂದು ಮಾತಿದೆ: ಅನಿಲದ ಸಣ್ಣ ಸಣ್ಣ ಸುಳಿಗಳು ಬಹಳ ಬೇಗ ಸುತ್ತುತ್ತವೆ, ಕಾಂತತ್ವವನ್ನು ಬಹಳ ಬೇಗ ಬೆಳೆಸುತ್ತವೆ. ಆದರೆ ಸುಳಿಯಲ್ಲಿ ಬೆಳೆದದ್ದು ಸಿಕ್ಕುಗಟ್ಟಿದ ನೂಲಿನ ಹಾಗೆ. ಅದು ಬೇಗ ನೆಟ್ಟಗಾದದ್ದು ಹೇಗೆ ಎಂಬುದೇ ಈಗಿನ ಜಗಳ. ಪುಣೆಯ ಐಯುಕಾದ ಕಂದಸ್ವಾಮಿ ಸುಬ್ರಮಣಿಯನ್ ಅವರು ದುಡಿದದ್ದು ಇದರ ಮೇಲೆಯೇ. ಮೊದಲ ಚೂರು ಬ್ಯಾಟರಿಯಿಂದಲ್ಲ, ವಿಶ್ವ ಹುಟ್ಟಿದ ಮೊದಲ ಗಳಿಗೆಯಲ್ಲೇ ಬಂದಿತ್ತು ಎನ್ನುವವರೂ ಇದ್ದಾರೆ. ನನಗೇನೋ ಬ್ಯಾಟರಿಯ ಕಡೆಯೇ ಒಲವು. ಕಾರಣ ವಿಜ್ಞಾನವಲ್ಲ, ಆ ನಾಟಕದ ರಾತ್ರಿ.

ಮೇಷ್ಟ್ರೇ, ಇಪ್ಪತ್ತು ವರ್ಷಕ್ಕೂ ಮೇಲೆ ತಡವಾಯಿತು, ಉತ್ತರವೂ ಅರ್ಧವೇ. ಉಳಿದರ್ಧ ಇನ್ನೂ ಯಾರಿಗೂ ಗೊತ್ತಿಲ್ಲ. ಒಂಬತ್ತನೇ ತರಗತಿಯ ಮಕ್ಕಳು ಊಟವಾದ ಮೇಲೆ ಪ್ರಯೋಗಾಲಯದ ಹತ್ತಿರ ಬನ್ನಿ. ಒಂದು ಡಬ್ಬಿ ರಬ್ಬರ್ ಬ್ಯಾಂಡ್ ತಂದಿದ್ದೇನೆ.